ಓಯಸಿಸ್‌ನ ಬೀಗದ ಕೈ ಯಾರ ಹತ್ತಿರ?

ಕೆಟ್ಟುಹೋದ ಕಾರುಗಳನ್ನು ಒಂದರ ಮೇಲೊಂದು ಎಸೆದ ದೊಡ್ಡ ರಾಶಿ. ಅದರ ನಡುವೆ ಸಿಕ್ಕಿಕೊಂಡ ಒಂದು ವ್ಯಾನ್. ಹೊರಗಿನಿಂದ ನೋಡಿದರೆ ಅಲ್ಲೊಂದು ವ್ಯಾನ್ ಇದೆ ಅಂತಲೇ ಗೊತ್ತಾಗುವುದಿಲ್ಲ. ವೇಡ್ ವಾಟ್ಸ್ ಎಂಬ ಹುಡುಗ ಸಂದಿಯಲ್ಲಿ ತೂರಿಕೊಂಡು ಅದರೊಳಗೆ ಸೇರುತ್ತಾನೆ. ಒಳಗೆ ಕೊರೆಯುವ ಚಳಿ. ಒಂದು ಸಣ್ಣ ಹೀಟರ್ ಇದೆ. ಕೂತಲ್ಲೇ ತುಳಿಯುವ ಸೈಕಲ್ ಒಂದಿದೆ, ಅದನ್ನು ತುಳಿದರೆ ಬ್ಯಾಟರಿ ಚಾರ್ಜ್ ಆಗುತ್ತದೆ. ಕಣ್ಣಿಗೆ ವೈಸರ್, ಅಂದರೆ ವರ್ಚುವಲ್ ಜಗತ್ತು ತೋರಿಸುವ ಕನ್ನಡಕ, ಹಾಕಿಕೊಳ್ಳುತ್ತಾನೆ, ಕೈಗೆ ಗ್ಲೌಸ್. ಎರಡೂ ಅವನ ಸರ್ಕಾರಿ ಶಾಲೆ ಕೊಟ್ಟದ್ದು. ಲಾಗಿನ್ ಆದ ತಕ್ಷಣ ಅವನು ಶಾಲೆಯ ಕಾರಿಡಾರ್‌ನಲ್ಲಿ ನಿಂತಿರುತ್ತಾನೆ. ಸುತ್ತ ಬೆಳಕು, ಸಾಲು ಲಾಕರ್‌ಗಳು, ತರಗತಿಗೆ ಹೊರಟ ಮಕ್ಕಳು.

ಅರ್ನೆಸ್ಟ್ ಕ್ಲೈನ್ ಬರೆದ 'ರೆಡಿ ಪ್ಲೇಯರ್ ಒನ್' ಕಾದಂಬರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಈ ವ್ಯಾನ್. 2011ರಲ್ಲಿ ಬಂದ ಪುಸ್ತಕ. 2018ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಇದನ್ನು ಸಿನಿಮಾ ಮಾಡಿದರು. ಸಿನಿಮಾ ನೋಡಿದವರಿಗೆ ಕಾರ್ ರೇಸು, ದೊಡ್ಡ ಯುದ್ಧ ನೆನಪಿರುತ್ತದೆ. ಪುಸ್ತಕದಲ್ಲಿ ಆ ರೇಸೇ ಇಲ್ಲ. ಚಳಿಯಲ್ಲಿ ಕೂತು ಪಾಠ ಕೇಳುವ ಬಡ ಹುಡುಗ ಇದ್ದಾನೆ. ನನ್ನ ಮಾತೆಲ್ಲ ಅವನ ಸುತ್ತಲೇ. ಕಥೆಯ ಕೊನೆಯನ್ನೂ ಮುಂದೆ ಹೇಳಿದ್ದೇನೆ, ಓದದವರು ಬೇಕಾದರೆ ಇಲ್ಲೇ ನಿಲ್ಲಿಸಿ ಪುಸ್ತಕ ಮುಗಿಸಿ ಬನ್ನಿ.

ಕಥೆಯ ಕಾಲ 2045. ಇಂಧನ ಮುಗಿಯುತ್ತಾ ಬಂದಿದೆ. ಹವಾಮಾನ ಕೆಟ್ಟಿದೆ, ಕೆಲಸ ಇಲ್ಲ, ಹಸಿವು ಜಾಸ್ತಿ. ಅಮೆರಿಕದ ಹಳ್ಳಿಗಳನ್ನು ಬಿಟ್ಟು ಜನ ಊರುಗಳ ಅಂಚಿಗೆ ಬಂದು ಸೇರಿದ್ದಾರೆ. ಒಕ್ಲಹೋಮ ಸಿಟಿಯಲ್ಲಿ ಟ್ರೇಲರ್ ಮನೆಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಒಂದರ ಮೇಲೊಂದು ಪೇರಿಸಿ ವಠಾರ ಮಾಡಿದ್ದಾರೆ. ಅದಕ್ಕೆ 'ಸ್ಟ್ಯಾಕ್ಸ್' ಅಂತ ಹೆಸರು. ಅಪ್ಪ ಅಮ್ಮ ಇಲ್ಲದ ವೇಡ್ ಅಲ್ಲಿ ಚಿಕ್ಕಮ್ಮನ ಟ್ರೇಲರ್‌ನಲ್ಲಿ ಇದ್ದಾನೆ. ಮಲಗುವುದು ಬಟ್ಟೆ ಒಗೆಯುವ ಕೋಣೆಯಲ್ಲಿ, ಡ್ರೈಯರ್ ಪಕ್ಕದ ಸಂದಿಯಲ್ಲಿ. ಚಿಕ್ಕಮ್ಮ ಅವನನ್ನು ಇಟ್ಟುಕೊಂಡಿರುವುದು ಅವನ ಹೆಸರಿಗೆ ಬರುವ ಊಟದ ಕೂಪನ್ನಿಗಾಗಿ. ಅವನು ರಿಪೇರಿ ಮಾಡಿಟ್ಟುಕೊಂಡ ಲ್ಯಾಪ್‌ಟಾಪನ್ನೂ ಅಡ ಇಡಲು ಕಿತ್ತುಕೊಳ್ಳುತ್ತಾಳೆ.

ಇಂಥ ಲೋಕದಿಂದ ಜನ ಹೋಗುವ ಜಾಗ ಓಯಸಿಸ್. ಜೇಮ್ಸ್ ಹ್ಯಾಲಿಡೇ ಎಂಬ ಪ್ರೋಗ್ರಾಮರ್ ಕಟ್ಟಿದ ವರ್ಚುವಲ್ ಜಗತ್ತು. ಸಾವಿರಾರು ಗ್ರಹಗಳು, ಶಾಲೆ, ಅಂಗಡಿ, ಆಟ, ಆಫೀಸು, ಎಲ್ಲ ಅದರೊಳಗೇ ಇವೆ. ಸೇರಲು ಒಮ್ಮೆ 25 ಸೆಂಟ್ ಕೊಟ್ಟರೆ ಮುಗಿಯಿತು. ಹ್ಯಾಲಿಡೇ ಸಾಯುವ ಮುಂಚೆ ಇದರೊಳಗೆ ಒಂದು ಗುಟ್ಟು ಬಚ್ಚಿಟ್ಟು ಹೋಗಿದ್ದಾನೆ. ಮೂರು ಕೀಲಿ, ಮೂರು ಬಾಗಿಲು. ಅವನ್ನು ದಾಟಿ ಗುಟ್ಟು ಪತ್ತೆ ಮಾಡಿದವರಿಗೆ ಅವನ 24,000 ಕೋಟಿ ಡಾಲರ್‌ಗೂ ಮೀರಿದ ಆಸ್ತಿ ಸಿಗುತ್ತದೆ. ಜೊತೆಗೆ ಓಯಸಿಸ್‌ನ ಹಿಡಿತವೂ. ಹುಡುಕುವವರಲ್ಲಿ ವೇಡ್‌ನಂಥ ಒಂಟಿ ಹುಡುಗರಿದ್ದಾರೆ. ಐಒಐ ಎಂಬ ದೈತ್ಯ ಕಂಪನಿಯ ಸಂಬಳದ ಸೈನ್ಯವೂ ಇದೆ.

ಈ ಪುಸ್ತಕದ ಬಗ್ಗೆ ಮಾತು ಬಂದಾಗೆಲ್ಲ ಒಂದೇ ತೀರ್ಪು ಕೇಳುತ್ತೇನೆ. ಇದು ನಿಜ ಜೀವನಕ್ಕೆ ಬೆನ್ನು ಹಾಕಿ ಓಡುವ ಹುಡುಗರ ಕಥೆ, ಮೊಬೈಲ್ ಹಿಡಿದು ಕೂತ ನಮ್ಮ ಮಕ್ಕಳಿಗೆ ಪಾಠ, ಅಂತ. ನನಗೆ ಈ ಓದು ಒಪ್ಪಿಗೆಯಾಗುವುದಿಲ್ಲ. ಓಡಿಹೋಗುವವನನ್ನು ಬೈಯುವುದು ಸುಲಭ. ಎಲ್ಲಿಂದ ಓಡುತ್ತಿದ್ದಾನೆ ಅಂತ ಕೇಳಬೇಕು. ಆಮೇಲೆ ಇನ್ನೊಂದು ಪ್ರಶ್ನೆ ಇದೆ, ನನಗೆ ಅದೇ ಮುಖ್ಯ: ಅವನು ಓಡಿ ಸೇರುವ ಆ ಜಾಗ ಯಾರದ್ದು? ಬಾಗಿಲು ಹಾಕುವ ಹಕ್ಕು ಯಾರಿಗಿದೆ?

ಮೊದಲು ಶಾಲೆಯ ವಿಷಯ. ವೇಡ್ ಹೊರಗಿನ ಶಾಲೆಯಲ್ಲಿ ಬಟ್ಟೆ, ಮೈಕಟ್ಟು ಎಲ್ಲದಕ್ಕೂ ಅವಮಾನ ತಿಂದವನು. ಓಯಸಿಸ್ ಶಾಲೆಗೆ ಸೇರಿದ ಮೇಲೆ ಅವನಿಗೆ ಮೊದಲ ಸಲ ಓದು ಹತ್ತುತ್ತದೆ. ಅಲ್ಲಿ ಯಾರೂ ಯಾರಿಗೂ ಹೊಡೆಯಲಾಗುವುದಿಲ್ಲ. ಕಾಡಿಸುವವನ ದನಿಯನ್ನು ಮ್ಯೂಟ್ ಮಾಡಬಹುದು. ಇತಿಹಾಸದ ಪಾಠಕ್ಕೆ ಮೇಷ್ಟ್ರು ಮಕ್ಕಳನ್ನು ಈಜಿಪ್ಟಿನ ಗೋರಿಯ ಒಳಗೇ ಕರೆದುಕೊಂಡು ಹೋಗುತ್ತಾರೆ. ಈ ಪುಟಗಳನ್ನು ಓದುವಾಗ ನನಗೆ 2020 ನೆನಪಾಗದೇ ಇರಲಿಲ್ಲ. ಶಾಲೆ ಮುಚ್ಚಿದ್ದವು. ಮಲೆನಾಡಿನಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮನೆಗೆ ಒಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಕೊನೆಗೆ 'ವಿದ್ಯಾಗಮ' ಅಂತ ಶುರುವಾಗಿ, ಮೇಷ್ಟ್ರುಗಳು ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು. ವೇಡ್‌ನ ಶಾಲೆ ಕೊಟ್ಟ ವೈಸರ್ ಮತ್ತು ಗ್ಲೌಸ್ ಎಷ್ಟು ದೊಡ್ಡ ಕೊಡುಗೆ ಅನ್ನುವುದು ಆ ವರ್ಷ ಕಂಡವರಿಗೆ ಬೇಗ ಅರ್ಥವಾಗುತ್ತದೆ.

ಆದರೆ ಕ್ಲೈನ್ ಇಲ್ಲಿ ಒಂದು ಸೂಕ್ಷ್ಮ ಇಟ್ಟಿದ್ದಾನೆ. ಶಾಲೆಗಳೆಲ್ಲ ಲೂಡಸ್ ಎಂಬ ಗ್ರಹದಲ್ಲಿವೆ. ಅಲ್ಲಿಂದ ಬೇರೆ ಗ್ರಹಕ್ಕೆ ಹೋಗಬೇಕಾದರೆ ದುಡ್ಡು ಬೇಕು. ವೇಡ್ ಹತ್ತಿರ ದುಡ್ಡಿಲ್ಲ. ಅಂದರೆ, ಕೊನೆಯೇ ಇಲ್ಲದ ಆ ಜಗತ್ತಿನಲ್ಲೂ ಅವನು ಒಂದೇ ಗ್ರಹದಲ್ಲಿ ಸಿಕ್ಕಿಕೊಂಡಿದ್ದಾನೆ. ಅವನ ಅವತಾರದ, ಅಂದರೆ ಓಯಸಿಸ್ ಒಳಗಿನ ರೂಪದ, ಹೆಸರು ಪಾರ್ಜಿವಲ್, ಲೆವೆಲ್ ಬರೀ ಮೂರು. ಬೇರೆ ಆಟಗಾರರು ಗ್ರಹದಿಂದ ಗ್ರಹಕ್ಕೆ ಹಾರಿ ಯುದ್ಧ ಮಾಡಿ ಬಲ ಹೆಚ್ಚಿಸಿಕೊಳ್ಳುತ್ತಿರುವಾಗ ಇವನು ಶಾಲೆಯ ಲೈಬ್ರರಿಯಲ್ಲಿ ಕೂತು ಹ್ಯಾಲಿಡೇ ಇಷ್ಟಪಟ್ಟ ಹಳೆಯ ಸಿನಿಮಾ ನೋಡುತ್ತಾನೆ, ಪುಸ್ತಕ ಓದುತ್ತಾನೆ, ಹಳೆಯ ಆಟ ಆಡಿ ಕೈ ಪಳಗಿಸಿಕೊಳ್ಳುತ್ತಾನೆ. ಬಡತನ ವೈಸರ್ ಹಾಕಿಕೊಂಡ ಕೂಡಲೇ ಕಳಚಿ ಬೀಳುವುದಿಲ್ಲ. ಇದನ್ನು ಇಷ್ಟು ನೇರವಾಗಿ ಹೇಳಿದ್ದಕ್ಕೇ ನಾನು ಈ ಪುಸ್ತಕದ ಹಲವು ಕೊರತೆಗಳನ್ನು ಮನ್ನಿಸುತ್ತೇನೆ.

ಮೊದಲ ಕೀಲಿ ಎಲ್ಲಿದೆ ಗೊತ್ತಾ? ಅದೇ ಲೂಡಸ್‌ನಲ್ಲಿ. ಹ್ಯಾಲಿಡೇ ಬೇಕೆಂದೇ ಅದನ್ನು ಶಾಲೆಯ ಗ್ರಹದಲ್ಲಿ ಇಟ್ಟಿದ್ದಾನೆ. ಕೈಯಲ್ಲಿ ಕಾಸಿಲ್ಲದ, ಹೋಗಲು ಬೇರೆ ಜಾಗವಿಲ್ಲದ ಮಕ್ಕಳಿಗೂ ಸಿಗಲಿ ಅಂತ. ಐದು ವರ್ಷ ಇಡೀ ಜಗತ್ತು ದೂರದ ಗ್ರಹಗಳಲ್ಲಿ ಹುಡುಕಿದೆ, ಕೀಲಿ ಇದ್ದದ್ದು ಸರ್ಕಾರಿ ಶಾಲೆಗಳ ಗ್ರಹದ ಕಾಡಿನಲ್ಲಿ. ವೇಡ್‌ಗೆ ಇದು ಹೊಳೆಯುವುದು ಲ್ಯಾಟಿನ್ ತರಗತಿಯಲ್ಲಿ ಕೂತಿರುವಾಗ. ಕಾದಂಬರಿಯ ಅತ್ಯಂತ ಸುಂದರ ತಿರುವು ಇದೇ ಅನ್ನುತ್ತೇನೆ. ಸಿನಿಮಾ ಇದನ್ನು ಪೂರ್ತಿ ಬಿಟ್ಟುಬಿಟ್ಟಿತು ಅನ್ನುವುದು ನನಗೆ ಇವತ್ತಿಗೂ ಬೇಜಾರು.

ಇನ್ನು ಎಚ್ ಬಗ್ಗೆ ಹೇಳಲೇಬೇಕು. ಎಚ್ ಅಂದರೆ ವೇಡ್‌ನ ಜೀವದ ಗೆಳೆಯ. ಎತ್ತರದ, ಮೈಕಟ್ಟಿನ ಬಿಳಿ ಹುಡುಗನ ಅವತಾರ. ವರ್ಷಗಟ್ಟಲೆ ಇಬ್ಬರೂ ಒಳಗೇ ಭೇಟಿ, ಒಳಗೇ ಜಗಳ, ಒಳಗೇ ನಗು. ಹೊರಗೆ ಒಮ್ಮೆಯೂ ಮುಖ ನೋಡಿಲ್ಲ. ಕಥೆಯ ಕೊನೆಯ ಹೊತ್ತಿಗೆ ವೇಡ್ ಎಚ್‌ನ ಗಾಡಿ ಹತ್ತುತ್ತಾನೆ. ಸ್ಟೇರಿಂಗ್ ಹಿಂದೆ ಕೂತಿರುವುದು ಒಬ್ಬ ದಪ್ಪಗಿನ ಕಪ್ಪು ಹುಡುಗಿ, ಹೆಸರು ಹೆಲೆನ್. ಅವಳ ಅಮ್ಮ ಮನೆಯಿಂದಲೇ ಓಯಸಿಸ್‌ನಲ್ಲಿ ಕೆಲಸ ಮಾಡುತ್ತಿದ್ದವಳು. ವ್ಯವಹಾರಕ್ಕೆಲ್ಲ ಬಿಳಿ ಗಂಡಸಿನ ಅವತಾರ ಬಳಸುತ್ತಿದ್ದಳು. ಅದರಿಂದ ತನಗೆ ಸಿಗುವ ಮರ್ಯಾದೆ, ಅವಕಾಶ ಎರಡೂ ಬದಲಾದದ್ದನ್ನು ಕಂಡು ಮಗಳಿಗೂ ಹಾಗೇ ಮಾಡು ಅಂದಳು. ಮಗಳು ಹುಡುಗಿಯರನ್ನು ಪ್ರೀತಿಸುವವಳು ಅಂತ ಗೊತ್ತಾದಾಗ ಅದೇ ಅಮ್ಮ ಮನೆಯಿಂದ ಹೊರಗೆ ಹಾಕಿದಳು. ಈ ಎರಡು ವಿಷಯ ಒಂದೇ ಪುಟದಲ್ಲಿ ಬರುತ್ತವೆ.

ಇಲ್ಲಿ ನನ್ನ ಮಾತು ಸ್ವಲ್ಪ ಬರುತ್ತದೆ. ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ನಾನು ರಾತ್ರಿ ಶಿಫ್ಟ್ ಮಾಡಿದವನು. ಟೆಕ್ ಸಪೋರ್ಟ್. ನಮ್ಮ ಫ್ಲೋರ್‌ನಲ್ಲಿ ಎಲ್ಲರಿಗೂ ಇನ್ನೊಂದು ಹೆಸರಿತ್ತು. ಕಾಲ್ ಮೇಲೆ ನಾನು ಕೆವಿನ್. ಪಕ್ಕದ ಸೀಟಿನ ಹುಡುಗಿ ಹಾಸನ ಕಡೆಯವಳು, ಅವಳು ಸ್ಯಾಂಡಿ. ಹೆಸರಿನ ಜೊತೆಗೆ ಉಚ್ಚಾರಣೆಗೂ ಟ್ರೈನಿಂಗ್. ಆ ಕಡೆಯ ಗ್ರಾಹಕನಿಗೆ ನಾವು ಎಲ್ಲಿಯವರು ಅಂತ ಅನುಮಾನ ಬಂದ ಕ್ಷಣ ಅವನ ದನಿ ಬದಲಾಗುತ್ತಿತ್ತು. ಅದುವರೆಗೆ ಸರಿಯಾಗಿ ಮಾತಾಡುತ್ತಿದ್ದವನು ಸೂಪರ್‌ವೈಸರನ್ನು ಕರೆ ಅನ್ನುತ್ತಿದ್ದ. ನಮ್ಮಲ್ಲಿ ಕೆಲವರಿಗೆ ಆ ಇನ್ನೊಂದು ಹೆಸರು ಹೊರೆ. ಆದರೆ ಹಾಸನದ ಆ ಹುಡುಗಿ ಹೇಳುತ್ತಿದ್ದಳು: 'ಸ್ಯಾಂಡಿಗೆ ಬೈದರೆ ನಂಗೇನೂ ಆಗಲ್ಲ ಕಣೋ. ನಾನು ನಾನಾಗೇ ಇರ್ತೀನಿ.' ಹೆಲೆನ್ ಭಾಗ ಓದುವಾಗ ಆ ಮಾತು ನನ್ನ ಕಿವಿಯಲ್ಲಿತ್ತು. ಮುಖವಾಡ ಹಾಕಿಕೊಂಡವರೆಲ್ಲ ಮೋಸಗಾರರಲ್ಲ. ಹೊರಗಿನ ಲೋಕ ಎಷ್ಟು ಹೊಡೆಯುತ್ತದೋ ಅಷ್ಟು ದಪ್ಪದ ಮುಖವಾಡ ಬೇಕಾಗುತ್ತದೆ.

ವೇಡ್ ಹೆಲೆನ್‌ಳನ್ನು ನೋಡಿ ಮೊದಲು ಬೆರಗಾಗುತ್ತಾನೆ, ಒಂದು ಕ್ಷಣ ಮೋಸ ಹೋದೆ ಅಂತಲೂ ಅನ್ನಿಸುತ್ತದೆ. ಆಮೇಲೆ ಇವಳೇ ನನ್ನ ಗೆಳೆಯ ಅಂತ ಒಪ್ಪಿಕೊಳ್ಳುತ್ತಾನೆ. ಆದರೆ ಕ್ಲೈನ್ ಇಲ್ಲಿ ತುಂಬಾ ಅವಸರ ಮಾಡಿದ್ದಾನೆ. ಹೆಲೆನ್‌ಗೆ ಒಂದಿಡೀ ಅಧ್ಯಾಯ ಕೊಡಬೇಕಿತ್ತು. ಅವಳ ಅಮ್ಮನಿಗೆ ಇನ್ನೊಂದು.

ಗುಟ್ಟು ಹುಡುಕುವ ಜಪಾನಿನ ಇಬ್ಬರು ಹುಡುಗರು, ಡೈಟೊ ಮತ್ತು ಶೋಟೊ, ಅವರ ಕಥೆಯೂ ಹೀಗೇ ಬೇಗ ಮುಗಿದುಹೋಗುತ್ತದೆ. ಒಳಗೆ ಅಣ್ಣ ತಮ್ಮ. ಹೊರಗೆ ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಇಬ್ಬರೂ ಕೋಣೆ ಬಿಟ್ಟು ಹೊರಬರದ ಹಿಕಿಕೊಮೊರಿಗಳು. ಇದು ಕಾದಂಬರಿಯ ಕಲ್ಪನೆಯಲ್ಲ. ಜಪಾನ್ ಸರ್ಕಾರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಲ್ಲಿ ಹೀಗೆ ಸಮಾಜದಿಂದ ದೂರ ಸರಿದು ಬದುಕುವವರು ಸುಮಾರು 14.6 ಲಕ್ಷ. ಐಒಐನವರು ಡೈಟೊನನ್ನು ಅವನ ಮನೆಯ ಬಾಲ್ಕನಿಯಿಂದ ಕೆಳಗೆ ಎಸೆದು ಕೊಲ್ಲುತ್ತಾರೆ. ಅವನು ಬೀಳುವಾಗಲೂ ಅವನ ಅವತಾರ ಒಳಗೆ ಇನ್ನೂ ಯುದ್ಧಭೂಮಿಯಲ್ಲಿ ನಿಂತೇ ಇರುತ್ತದೆ. ಒಳಗಿನ ಜಗಳಕ್ಕೆ ಹೊರಗೆ ರಕ್ತ ಸುರಿಯುತ್ತದೆ. ವೇಡ್‌ಗೂ ಹೀಗೇ ಆಗಿದೆ. ಐಒಐನ ಸೊರೆಂಟೊ ಅವನನ್ನು ಕೆಲಸಕ್ಕೆ ಕರೆಯುತ್ತಾನೆ. ಇವನು ಒಲ್ಲೆ ಅಂದ ಕೂಡಲೇ ಚಿಕ್ಕಮ್ಮನ ಟ್ರೇಲರ್ ಇದ್ದ ಸಾಲನ್ನೇ ಸ್ಫೋಟಿಸುತ್ತಾರೆ. ವ್ಯಾನಿನಲ್ಲಿ ಇದ್ದುದರಿಂದ ವೇಡ್ ಬದುಕುತ್ತಾನೆ. ಅವನ ಮೇಲೆ ಕರುಣೆ ಇಟ್ಟಿದ್ದ ನೆರೆಮನೆಯ ಗಿಲ್ಮೋರ್ ಅಜ್ಜಿ ಸಾಯುತ್ತಾಳೆ. ಆ ಅಜ್ಜಿಗಾಗಿ ಕಾದಂಬರಿ ಅಳುವುದು ಕೆಲವೇ ಸಾಲು. ಆಮೇಲೆ ಹುಡುಕಾಟ ಮತ್ತೆ ಶುರು. ನಾನಾಗಿದ್ದರೆ ಇಷ್ಟು ಬೇಗ ಮುಂದೆ ಹೋಗಲು ಬಿಡುತ್ತಿರಲಿಲ್ಲ.

ಸ್ಫೋಟದ ನಂತರ ವೇಡ್ ಕೊಲಂಬಸ್ ನಗರಕ್ಕೆ ಹೋಗುತ್ತಾನೆ. ಯಾಕೆಂದರೆ ಓಯಸಿಸ್‌ನ ಮುಖ್ಯ ಸರ್ವರ್‌ಗಳು ಇರುವುದು ಅಲ್ಲಿ, ಕನೆಕ್ಷನ್ ಅಲ್ಲಿ ಎಲ್ಲಕ್ಕಿಂತ ವೇಗ. ಈಗ ಕೈಯಲ್ಲಿ ಸ್ವಲ್ಪ ದುಡ್ಡಿದೆ. ಒಂದು ಸಣ್ಣ ಮನೆ ಹಿಡಿಯುತ್ತಾನೆ. ಇರುವ ಒಂದೇ ಕಿಟಕಿಗೆ ಕಪ್ಪು ಬಣ್ಣ ಬಳಿಯುತ್ತಾನೆ. ದುಬಾರಿ ಕುರ್ಚಿ, ಮೈಗೆಲ್ಲ ಸ್ಪರ್ಶ ಕೊಡುವ ಸೂಟ್, ಒಳ್ಳೆಯ ವೈಸರ್. ಊಟ ಬಾಗಿಲಿಗೇ ಬರುತ್ತದೆ. ಮೈ ಊದುತ್ತಾ ಹೋದಾಗ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾನೆ. ದಿನದ ವ್ಯಾಯಾಮ ಮಾಡದೇ ಹೋದರೆ ಅದು ಓಯಸಿಸ್‌ಗೇ ಬಿಡುವುದಿಲ್ಲ.

ವ್ಯಾನಿನಲ್ಲಿದ್ದ ಸೈಕಲ್ಲಿಗೂ ಈ ವ್ಯಾಯಾಮಕ್ಕೂ ಎಷ್ಟು ದೂರ ನೋಡಿ. ಅಲ್ಲಿ ತುಳಿದದ್ದು ಶಾಲೆಗೆ ಹೋಗಲು ಕರೆಂಟಿಗಾಗಿ. ಇಲ್ಲಿ ಬೆವರು ಸುರಿಸುವುದು ಇನ್ನಷ್ಟು ಹೊತ್ತು ಒಳಗಿರಲಿಕ್ಕಾಗಿ. ಅದೇ ಹುಡುಗ, ಅದೇ ಓಯಸಿಸ್. ಆಶ್ರಯ ಯಾವಾಗ ಸೆರೆಮನೆ ಆಯಿತು ಅಂತ ಅವನಿಗೂ ಗೊತ್ತಾಗುವುದಿಲ್ಲ. ಈ ಭಾಗದಲ್ಲಿ ಕ್ಲೈನ್ ಉಪದೇಶ ಮಾಡುವುದಿಲ್ಲ, ವೇಡ್‌ನ ದಿನಚರಿಯನ್ನಷ್ಟೇ ಬರೆಯುತ್ತಾ ಹೋಗುತ್ತಾನೆ. ಬೆಳಿಗ್ಗೆ ಎದ್ದದ್ದು, ಮೈಮೇಲಿನ ಕೂದಲೆಲ್ಲ ಬೋಳಿಸಿಕೊಂಡದ್ದು, ತೂಕ ನೋಡಿಕೊಂಡದ್ದು. ಓದುವ ನಮಗೆ ಉಸಿರು ಕಟ್ಟುತ್ತದೆ. ಆಗ ಅವನು ಹೊಟ್ಟೆಪಾಡಿಗೆ ಮಾಡುವ ಕೆಲಸ ಏನು ಗೊತ್ತಾ? ಟೆಕ್ ಸಪೋರ್ಟ್. ಕ್ಲೈನ್ ಕೂಡ ಬರಹಗಾರನಾಗುವ ಮುಂಚೆ ಆ ಕೆಲಸ ಮಾಡಿದವನೇ. ಅನುಭವ ಇಲ್ಲದವರು ಬರೆಯಲಾಗದ ದಣಿವು ಆ ಪುಟಗಳಲ್ಲಿ ಇದೆ.

ಮುಂದೆ ಇದಕ್ಕಿಂತ ಭಯಂಕರ ಭಾಗ ಬರುತ್ತದೆ. ಸಾಲ ತೀರಿಸಲಾಗದವರನ್ನು ಕಂಪನಿಗಳೇ ಹಿಡಿದು ಕೆಲಸಕ್ಕೆ ಹಾಕಿಕೊಳ್ಳಬಹುದು ಅನ್ನುವುದು ಆ ಕಾಲದ ಕಾನೂನು. ಐಒಐನ ಕಂಪ್ಯೂಟರ್‌ಗಳ ಒಳಗೆ ನುಗ್ಗಲು ವೇಡ್ ಸುಳ್ಳು ಹೆಸರಿನಲ್ಲಿ ಬೇಕೆಂದೇ ಸಾಲ ಮಾಡಿ ಸಿಕ್ಕಿಬೀಳುತ್ತಾನೆ. ಕಂಪನಿಯ ಪೊಲೀಸರು ಮನೆಗೆ ನುಗ್ಗಿ ಎಳೆದೊಯ್ಯುತ್ತಾರೆ. ಕಿವಿಗೆ ಟ್ಯಾಗ್ ಚುಚ್ಚುತ್ತಾರೆ, ಕಾಲಿಗೆ ಪಟ್ಟಿ ಕಟ್ಟುತ್ತಾರೆ. ಮಲಗಲು ಶವಪೆಟ್ಟಿಗೆಯಂಥ ಪ್ಲಾಸ್ಟಿಕ್ ಗೂಡು. ಹಗಲಿಡೀ ಕ್ಯುಬಿಕಲ್‌ನಲ್ಲಿ ಕೂತು ಗ್ರಾಹಕರ ಕಾಲ್ ತೆಗೆಯಬೇಕು. ಊಟಕ್ಕೆ ಇಷ್ಟು, ಗೂಡಿಗೆ ಇಷ್ಟು, ತಡಕ್ಕೆ ದಂಡ ಇಷ್ಟು ಅಂತ ಮುರಿದುಕೊಂಡು, ಮೇಲೆ ಬಡ್ಡಿ ಹಾಕಿ, ತಿಂಗಳ ಕೊನೆಗೆ ಸಾಲ ಕಡಿಮೆಯಾಗುವ ಬದಲು ಜಾಸ್ತಿಯೇ ಆಗಿರುತ್ತದೆ. ಒಳಗೆ ಬಂದವರು ಹೊರಗೆ ಹೋಗುವ ಮಾತೇ ಇಲ್ಲ.

ಕನ್ನಡದ ಓದುಗನಿಗೆ ಇದು ಭವಿಷ್ಯದ ಕಥೆ ಅನ್ನಿಸುವುದೇ ಇಲ್ಲ. ಇದು ಜೀತ. ಅಪ್ಪ ಮಾಡಿದ ಸಣ್ಣ ಸಾಲಕ್ಕೆ ಮಗ, ಮೊಮ್ಮಗ ಗೌಡರ ಮನೆಯ ಕೊಟ್ಟಿಗೆಯಲ್ಲಿ ಬಾಳು ಸವೆಸಿದ ನಾಡು ನಮ್ಮದು. ಲೆಕ್ಕ ಬರೆಯುವ ಪುಸ್ತಕ ಧಣಿಯ ಕೈಯಲ್ಲಿ ಇರುತ್ತಿತ್ತು, ಓದು ಬಾರದವನು ಹೆಬ್ಬೆಟ್ಟು ಒತ್ತುತ್ತಿದ್ದ. ಜೀತ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಕಾನೂನು ಬಂದ ಮೇಲೂ ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಿಂದ ಜನರನ್ನು ಬಿಡಿಸಿದ ಸುದ್ದಿಗಳನ್ನು ಓದುತ್ತಲೇ ಬಂದಿದ್ದೇವೆ. ಕ್ಲೈನ್‌ನ ಜೀತದಾಳು ಕೊಟ್ಟಿಗೆಯ ಬದಲು ಕ್ಯುಬಿಕಲ್‌ನಲ್ಲಿದ್ದಾನೆ, ಅಷ್ಟೇ. ನಾವು ಕೆಲಸ ಮಾಡಿದ ಕಡೆ ಯಾರೂ ನಮ್ಮನ್ನು ಕೂಡಿಹಾಕಿರಲಿಲ್ಲ, ಅದು ಬೇರೆ ಮಾತು. ಆದರೂ ಬಾತ್‌ರೂಮಿಗೆ ಹೋಗಬೇಕಾದರೆ ಫೋನನ್ನು 'ಆಕ್ಸ್'ಗೆ, ಅಂದರೆ ಕಾಲ್ ಬಾರದ ಹಾಗೆ, ಹಾಕಿ ಹೋಗಬೇಕಿತ್ತು. ಆ ನಿಮಿಷಗಳೆಲ್ಲ ಎಣಿಕೆಯಾಗಿ ಮರುದಿನ ಟೀಮ್ ಲೀಡರ್ ಮುಂದೆ ಬರುತ್ತಿದ್ದವು. ವೇಡ್‌ನ ಕಿವಿಯ ಟ್ಯಾಗ್ ಬಗ್ಗೆ ಓದಿದಾಗ ನನ್ನ ಕೈ ಕಿವಿಯ ಹತ್ತಿರ, ಹೆಡ್‌ಸೆಟ್ ಇರುತ್ತಿದ್ದ ಜಾಗಕ್ಕೆ ಹೋಯಿತು.

ಈಗ ಬೀಗದ ಕೈ ವಿಷಯಕ್ಕೆ ಬರುತ್ತೇನೆ. ಐಒಐಗೆ ಓಯಸಿಸ್ ಯಾಕೆ ಬೇಕು? ಗೆದ್ದ ಮೇಲೆ ಏನು ಮಾಡುತ್ತದೆ ಅನ್ನುವುದನ್ನು ಕಾದಂಬರಿ ಆರಂಭದಲ್ಲೇ ಹೇಳುತ್ತದೆ: ತಿಂಗಳಿಗೆ ಇಷ್ಟು ಅಂತ ಶುಲ್ಕ ಹಾಕುತ್ತದೆ. ಕಣ್ಣಿಗೆ ಬೀಳುವ ಜಾಗದಲ್ಲೆಲ್ಲ ಜಾಹೀರಾತು ತುಂಬುತ್ತದೆ. ಯಾರು ಯಾರು ಅನ್ನುವ ಗುಟ್ಟು ಉಳಿಯುವುದಿಲ್ಲ. ಅಂದರೆ ಹೆಲೆನ್‌ಳ ಅಮ್ಮನ ಮುಖವಾಡ ಹೋಗುತ್ತದೆ, ವೇಡ್‌ನ ಶಾಲೆ ಹೋಗುತ್ತದೆ. ಸಿನಿಮಾದಲ್ಲಿ ಸೊರೆಂಟೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಜನರಿಗೆ ಫಿಟ್ಸ್ ಬರುವ ಮುಂಚೆ ಅವರ ನೋಟದ ಶೇ. 80ರಷ್ಟು ಜಾಗವನ್ನು ಜಾಹೀರಾತಿಗೆ ಮಾರಬಹುದು ಅಂತ ಮೀಟಿಂಗಿನಲ್ಲಿ ಲೆಕ್ಕ ಕೊಡುತ್ತಾನೆ.

ಇದರ ಎದುರಿಗೆ ಹ್ಯಾಲಿಡೇಯ ಗುಟ್ಟು ನಿಂತಿದೆ. ಆ ಗುಟ್ಟಿನ ಬೇರು ಒಂದು ನಿಜ ಘಟನೆಯಲ್ಲಿದೆ, ಅದು ನನಗೆ ಕಾದಂಬರಿಗಿಂತ ದೊಡ್ಡದು. ವಾರೆನ್ ರಾಬಿನೆಟ್ ಅಂತ ಒಬ್ಬ ಪ್ರೋಗ್ರಾಮರ್ ಅಟಾರಿ ಕಂಪನಿಯಲ್ಲಿದ್ದ. 'ಅಡ್ವೆಂಚರ್' ಎಂಬ ಆಟವನ್ನು ಒಬ್ಬನೇ ಮಾಡಿದ. ಇಡೀ ಆಟ 4 ಕಿಲೋಬೈಟ್ ಒಳಗೆ ಕೂತಿತ್ತು. ಆದರೆ ಆಟ ಮಾಡಿದವರ ಹೆಸರನ್ನು ಅಟಾರಿ ಎಲ್ಲೂ ಹಾಕುತ್ತಿರಲಿಲ್ಲ. ಲಾಭದಲ್ಲಿ ಪಾಲೂ ಇಲ್ಲ. ಇದೇ ಸಿಟ್ಟಿನಿಂದ ನಾಲ್ವರು ಪ್ರೋಗ್ರಾಮರ್‌ಗಳು 1979ರಲ್ಲಿ ಹೊರಗೆ ಬಂದು ಆಕ್ಟಿವಿಷನ್ ಕಟ್ಟಿದರು. ರಾಬಿನೆಟ್ ಇನ್ನೊಂದು ದಾರಿ ಹಿಡಿದ. ಆಟದೊಳಗೆ ಯಾರಿಗೂ ಹೇಳದೇ ಒಂದು ಕೋಣೆ ಮಾಡಿಟ್ಟ. ಅದಕ್ಕೆ ಹೋಗಬೇಕಾದರೆ ಕಪ್ಪು ಕೋಟೆಯ ಚಕ್ರವ್ಯೂಹದಲ್ಲಿ ಒಂದು ಬೂದು ಚುಕ್ಕಿ ಹುಡುಕಬೇಕು. ಚುಕ್ಕಿ ಒಂದೇ ಪಿಕ್ಸೆಲ್ ಗಾತ್ರ, ನೆಲದ ಬಣ್ಣವೂ ಬೂದು, ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಹೊತ್ತುಕೊಂಡು ಒಂದು ಗೋಡೆ ದಾಟಿದರೆ ಕೋಣೆ ಸಿಗುತ್ತದೆ. ಕೋಣೆಯಲ್ಲಿ ಇರುವುದು ಒಂದೇ ಸಾಲು: ಇದನ್ನು ಮಾಡಿದ್ದು ವಾರೆನ್ ರಾಬಿನೆಟ್. ಬಾಸ್‌ಗಳಿಗೂ ಗೊತ್ತಿರಲಿಲ್ಲ. ಅವನು ಕೆಲಸ ಬಿಟ್ಟು ಹೋದ ಮೇಲೆ ಸಾಲ್ಟ್ ಲೇಕ್ ಸಿಟಿಯ ಒಬ್ಬ ಹುಡುಗ ಅದನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದ.

ನನ್ನ ದುಡಿಮೆ ನಿನ್ನದಾಗಬಹುದು, ಆದರೆ ಇದು ನಾನು ಮಾಡಿದ್ದು ಅಂತ ಒಬ್ಬ ಕೆಲಸಗಾರ ಧಣಿಯ ಗೋಡೆಯ ಒಳಗೇ ಬರೆದಿಟ್ಟ. ಎಂಥ ಧೈರ್ಯ ಅಲ್ವಾ! ಕ್ಲೈನ್ ತನ್ನ ಕಾದಂಬರಿಯ ಕೊನೆಯ ಬಾಗಿಲನ್ನು ಇದೇ ಆಟದ ಮೇಲೆ ಕಟ್ಟಿದ್ದಾನೆ. 'ಅಡ್ವೆಂಚರ್' ಆಡಿ ಗೆದ್ದರೆ ಸಾಲದು. ಗೆಲುವನ್ನು ಬದಿಗಿಟ್ಟು ಆ ಬೂದು ಚುಕ್ಕಿ ಹುಡುಕಿ, ಆ ಹೆಸರಿನ ಮುಂದೆ ಹೋಗಿ ನಿಲ್ಲಬೇಕು. ವೇಡ್ ಅದನ್ನು ಮಾಡುತ್ತಾನೆ, ಗೆಲ್ಲುತ್ತಾನೆ.

ಗೆದ್ದ ಮೇಲೆ ಹ್ಯಾಲಿಡೇಯ ನೆರಳು ಬಂದು ಅವನಿಗೆ ಎರಡು ಮಾತು ಹೇಳುತ್ತದೆ. ನಾನು ಜೀವನವಿಡೀ ಜನರಿಗೆ ಹೆದರಿದೆ, ಅದಕ್ಕೇ ಇದನ್ನು ಕಟ್ಟಿದೆ, ಹೊರಗಿನ ಲೋಕ ಎಷ್ಟೇ ನೋವು ಕೊಟ್ಟರೂ ನಿಜವಾದ ಸುಖ ಸಿಗುವುದು ಅಲ್ಲೇ, ಇಲ್ಲಿ ಅಡಗಿ ಕೂರಬೇಡ ಅನ್ನುತ್ತದೆ. ಎಲ್ಲರೂ ಈ ಮಾತನ್ನು ಎತ್ತಿ ಹಿಡಿಯುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಜೊತೆಗೆ ತೋರಿಸುವ ವಸ್ತು. ಒಂದು ಕೆಂಪು ಗುಂಡಿ. ಒತ್ತಿದರೆ ಓಯಸಿಸ್ ಪೂರ್ತಿ ಅಳಿಸಿಹೋಗುತ್ತದೆ. ಕೋಟಿಗಟ್ಟಲೆ ಜನರ ಶಾಲೆ, ಆಫೀಸು, ಗೆಳೆತನ, ಉಳಿತಾಯ ಎಲ್ಲ. ಒತ್ತಬಲ್ಲವನು ಈಗ ಒಬ್ಬನೇ, ವೇಡ್. ಕಾದಂಬರಿ ಇದನ್ನು ಗೌರವದ ಹಾಗೆ ಬರೆಯುತ್ತದೆ. ನನಗೆ ಓದುವಾಗ ಭಯವಾಯಿತು.

ಯಾಕೆಂದರೆ ಓಯಸಿಸ್‌ನಲ್ಲಿ ಒಂದು ಬಳಕೆದಾರರ ಕೌನ್ಸಿಲ್ ಇದೆ. ಅದಕ್ಕೆ ಚುನಾವಣೆ ನಡೆಯುತ್ತದೆ. ವೇಡ್ ಅಮೆರಿಕದ ಚುನಾವಣೆಗಿಂತ ಇದೇ ದೊಡ್ಡದು ಅಂತ ಮತ ಹಾಕುವವನು. ಬಳಕೆದಾರರ ಹಕ್ಕಿಗಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೌನ್ಸಿಲ್ ಒಳ್ಳೆಯ ಕೆಲಸ ಮಾಡಿದೆ ಅಂತ ಹೊಗಳುತ್ತಾನೆ ಕೂಡ. ಕೊನೆಯಲ್ಲಿ ಆ ಕೌನ್ಸಿಲ್‌ಗೆ ಯಾವ ಪಾತ್ರವೂ ಇಲ್ಲ. ಕೆಟ್ಟ ಯಜಮಾನನಿಂದ ಒಳ್ಳೆಯ ಯಜಮಾನನ ಕೈಗೆ ಬೀಗದ ಕೈ ಬಂತು, ಕಥೆ ಮುಗಿಯಿತು. ಗೆದ್ದರೆ ಏನು ಮಾಡುತ್ತೀ ಅಂತ ಕೇಳಿದಾಗ, ಒಂದು ಅಂತರಿಕ್ಷ ನೌಕೆ ಕಟ್ಟಿಸಿ ಭೂಮಿ ಬಿಟ್ಟು ಹೋಗುತ್ತೇನೆ ಅಂದವನು ಇದೇ ವೇಡ್. ಅವನ ಹಾಗೇ ಗುಟ್ಟು ಹುಡುಕುತ್ತಿದ್ದ ಆರ್ಟೆಮಿಸ್ ಎಂಬ ಹುಡುಗಿ ಹೇಳಿದ್ದು ಬೇರೆ: ಭೂಮಿಯ ಮೇಲಿನ ಎಲ್ಲರಿಗೂ ಹೊಟ್ಟೆ ತುಂಬಾ ಊಟ ಸಿಗಬೇಕು. ಓಡಿಹೋಗುವ ಆಸೆ ಅಂದರೆ ವೇಡ್‌ನ ಆ ನೌಕೆ. ವ್ಯಾನಿನಲ್ಲಿ ಕೂತ ಬಡ ಹುಡುಗನದ್ದಲ್ಲ. ಕೈಯಲ್ಲಿ ಎಲ್ಲ ಇದ್ದೂ ಊರಿಗೆ ಬೆಂಕಿ ಬಿದ್ದಾಗ ಹೊರಟುಹೋಗುವವನದ್ದು.

ಪುಸ್ತಕ ಬಂದ ಮೇಲೆ ಹೊರಗೆ ನಡೆದದ್ದನ್ನೂ ನೋಡಿ. 2012ರಲ್ಲಿ ಆಕ್ಯುಲಸ್ ಎಂಬ ಸಣ್ಣ ಕಂಪನಿ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಮಾಡುತ್ತೇವೆ ಅಂತ ಜನರಿಂದಲೇ ದುಡ್ಡು ಎತ್ತಿತು. ಸುಮಾರು 24 ಲಕ್ಷ ಡಾಲರ್ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಲ್ಲಿ ಇದೇ ಕಾದಂಬರಿಯ ಪ್ರತಿ ಕೊಡುತ್ತಿದ್ದರು. 2014ರಲ್ಲಿ ಫೇಸ್‌ಬುಕ್ ಅದನ್ನು 200 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. 2020ರಲ್ಲಿ ಹೊಸ ಬಳಕೆದಾರರಿಗೆ ಫೇಸ್‌ಬುಕ್ ಖಾತೆ ಕಡ್ಡಾಯವಾಯಿತು. ಅಂದರೆ ನಿಜ ಹೆಸರು ಬೇಕು. ಜನ ಗಲಾಟೆ ಮಾಡಿದ ಮೇಲೆ 2022ರಲ್ಲಿ ಅದನ್ನು ಕೈಬಿಟ್ಟರು. 2021ರಲ್ಲಿ ವಿಆರ್ ಆಟದೊಳಗೆ ಜಾಹೀರಾತು ಹಾಕಿ ನೋಡುತ್ತೇವೆ ಅಂದರು, ಆಟಗಾರರು ಸಿಡಿದೆದ್ದದ್ದಕ್ಕೆ ಮೊದಲು ಹೆಸರಿಸಿದ ಆಟದವರು ಹಿಂದೆ ಸರಿದರು. ಅದೇ ವರ್ಷ ಕಂಪನಿ ತನ್ನ ಹೆಸರನ್ನೇ ಮೆಟಾ ಅಂತ ಬದಲಿಸಿಕೊಂಡಿತು. ಶುಲ್ಕ, ಜಾಹೀರಾತು, ನಿಜ ಹೆಸರು. ಐಒಐನ ಪಟ್ಟಿಯ ಎರಡನ್ನು ಹತ್ತು ವರ್ಷದೊಳಗೆ ಕಣ್ಣಾರೆ ಕಂಡೆವು.

ನಮ್ಮ ದೇಶದಲ್ಲೂ ಒಂದು ಸಲ ಬೀಗದ ಕೈ ಕೇಳಿದ್ದರು. 2015ರಲ್ಲಿ ಫೇಸ್‌ಬುಕ್ ಬಡವರಿಗೆ ಪುಕ್ಕಟೆ ಇಂಟರ್‌ನೆಟ್ ಅಂತ ಬಂತು. ಆಮೇಲೆ ಅದಕ್ಕೆ ಫ್ರೀ ಬೇಸಿಕ್ಸ್ ಅಂತ ಹೆಸರಿಟ್ಟರು. ಪುಕ್ಕಟೆ ನಿಜ, ಆದರೆ ಯಾವ ತಾಣಗಳು ಅದರೊಳಗೆ ಇರಬೇಕು ಅನ್ನುವುದಕ್ಕೆ ಅವರದ್ದೇ ಷರತ್ತು. ವೇಡ್‌ನ ಲೂಡಸ್ ಗ್ರಹದ ಹಾಗೆಯೇ, ಬಡವನಿಗೆ ಒಂದು ಗ್ರಹ, ಕಾಸಿದ್ದವನಿಗೆ ಇಡೀ ವಿಶ್ವ. ಒಂದೂ ಇಲ್ಲದ ಕಡೆ ಇಷ್ಟಾದರೂ ಸಿಗಲಿ ಅಂತ ವಾದಿಸಿದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಗುಡ್ಡ ಹತ್ತಿದ ಮಕ್ಕಳ ಮುಂದೆ ಆ ವಾದಕ್ಕೆ ತೂಕ ಇದೆ. ಆದರೆ ನೆಟ್ ಎಲ್ಲರಿಗೂ ಒಂದೇ ಆಗಿರಲಿ ಅಂತ 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಹೋದವು. 2016ರ ಫೆಬ್ರವರಿಯಲ್ಲಿ ಟ್ರಾಯ್ ಹೀಗೆ ತಾಣಕ್ಕೊಂದು ದರ ಹಾಕುವಂತಿಲ್ಲ ಅಂದಿತು. ಸುಮ್ನೆ ಇಮೇಲ್ ಬರೆದ ಜನ ಅದನ್ನು ಗೆದ್ದದ್ದು. ಯಾವ ಪಾರ್ಜಿವಲ್ ಕೂಡ ಬೇಕಾಗಲಿಲ್ಲ.

2020ರಲ್ಲಿ ಕ್ಲೈನ್ ಮುಂದಿನ ಭಾಗ ಬರೆದ, 'ರೆಡಿ ಪ್ಲೇಯರ್ ಟೂ'. ಬರಹವಾಗಿ ಅದು ಮೊದಲಿನಷ್ಟು ಚೆನ್ನಾಗಿಲ್ಲ, ಓದಲೇಬೇಕು ಅಂತ ಹೇಳುವುದಿಲ್ಲ. ಆದರೆ ಅದರ ಮೊದಲ ಕೆಲವು ಪುಟಗಳು ನನ್ನ ಭಯ ನಿಜ ಅಂತ ತೋರಿಸುತ್ತವೆ. ಒಡೆಯನಾದ ವೇಡ್ ತನ್ನನ್ನು ಬೈದವರ ಗುರುತು ಪತ್ತೆ ಮಾಡಿ ಅವರ ಅವತಾರಗಳನ್ನು ಕೊಲ್ಲುತ್ತಾನೆ. ಹ್ಯಾಲಿಡೇ ಬಿಟ್ಟುಹೋದ ಇನ್ನೊಂದು ಯಂತ್ರವೂ ಅವನ ಕೈ ಸೇರುತ್ತದೆ. ಅದು ನೇರವಾಗಿ ಮಿದುಳಿಗೇ ಜೋಡಿಸುವ ಹೆಡ್‌ಸೆಟ್. ದಿನಕ್ಕೆ 12 ಗಂಟೆಗಿಂತ ಹೆಚ್ಚು ಬಳಸಿದರೆ ಜೀವಕ್ಕೆ ಅಪಾಯ. ಇದನ್ನು ಜನರಿಗೆ ಬಿಡಬೇಕೋ ಬೇಡವೋ ಅಂತ ಒಡೆಯರು ಮತ ಹಾಕುತ್ತಾರೆ. ಒಡೆಯರು ಅಂದರೆ ವೇಡ್, ಎಚ್, ಶೋಟೊ, ಆರ್ಟೆಮಿಸ್. ಮೂವರು ಬಿಡೋಣ ಅನ್ನುತ್ತಾರೆ. ಬೇಡ ಅನ್ನುವುದು ಆರ್ಟೆಮಿಸ್ ಒಬ್ಬಳೇ.

ನಾಲ್ಕು ಮತದಲ್ಲಿ ಇಡೀ ಜಗತ್ತಿನ ಮಿದುಳಿನ ವಿಷಯ ತೀರ್ಮಾನವಾಯಿತು. ಆರ್ಟೆಮಿಸ್ ಸೋತ ಆ ಕೋಣೆಯ ಹೊರಗೆ ಲೂಡಸ್‌ನ ಮೇಷ್ಟ್ರುಗಳಿದ್ದರು, ಅವರ ಮಕ್ಕಳಿದ್ದರು, ಟೆಕ್ ಸಪೋರ್ಟಿನವರಿದ್ದರು, ಹೆಲೆನ್‌ಳ ಅಮ್ಮನಂಥ ಲಕ್ಷಾಂತರ ಹೆಂಗಸರಿದ್ದರು. ಅವರು ಕೌನ್ಸಿಲ್ಲಿಗೆ ಹೋಗಿ ಜಗಳ ಆಡುವ ಕಾದಂಬರಿಯನ್ನು ಯಾರಾದರೂ ಬರೆಯಲಿ ಅಂತ ನನಗೆ ತುಂಬಾ ಆಸೆ. ಕನ್ನಡದಲ್ಲಿ ಬರೆದರೆ ಇನ್ನೂ ಖುಷಿ. ಪಟ್ಟುಬಿಡದ ಮೇಷ್ಟ್ರೂ, ಸ್ಯಾಂಡಿ ಅಂತ ಹೆಸರಿಟ್ಟುಕೊಂಡು ಕಾಲ್ ತೆಗೆದ ಹುಡುಗಿಯೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.